ಕಾನಾ ಊರಿನ ಮದುವೆಯಲ್ಲಿ ಜ್ಯೂಸ್ ಹಂಚಿದರಂತೆ!

ಶನಿವಾರ ದೊಡ್ಡಪ್ಪನ ಮೊಮ್ಮಗಳ ಮದುವೆ ಇತ್ತು. ಹುಡುಗ ಮಂಗಳೂರು ಕಡೆಯ ಕ್ಯಾಥೊಲಿಕ್. ಹುಡುಗಿ ನಮ್ಮ ಮೆಥಡಿಸ್ಟ್ ಸಂಸಾರದವಳು, ಕುಡಿತ ಕೂಡದು ಅನ್ನೋ ಪ್ರೊಟೆಸ್ಟೆಂಟ್ ಪಂಗಡ ನಮ್ಮದು. ಮದುವೆ ನಮ್ಮ ಕಡೆಯ ಚರ್ಚಿನಲ್ಲಿ. ಪ್ರಸಂಗಕ್ಕೆ ಬಂದಿದ್ದ ಅತಿಥಿ ಪಾಸ್ಟರ್ ಯೋಹಾನನ ಸುವಾರ್ತೆಯ ಎರಡನೇ ಅಧ್ಯಾಯ ಓದಿದರು. ಮದುವೆಗಳಲ್ಲಿ ಹೆಚ್ಚಾಗಿ ಓದೋದೇ ಅದು. ಕಾನಾ ಊರಿನ ಮದುವೆ, ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ ಕಥೆ. ಓದಿ ಮುಗಿಸಿ, ಕನ್ನಡಕ ತೆಗೆದು, ಗಂಡಿನ ಕಡೆಯವರು ಕೂತಿದ್ದ ಸಾಲಿಗೇ ಮುಖ ಮಾಡಿ ಹೇಳಿದರು: "ಸ್ವಾಮಿ ಮಾಡಿದ್ದು ವೈನ್ ಅಲ್ಲ. ನೂರಕ್ಕೆ ನೂರು ಫ್ರೆಶ್ ಜ್ಯೂಸ್! ಆಮೆನ್?"

ನಮ್ಮ ಕಡೆಯವರು ಜೋರಾಗಿ ಆಮೆನ್ ಅಂದರು.

ನನ್ನ ಪಕ್ಕ ಗಂಡಿನ ಚಿಕ್ಕಜ್ಜ ಕೂತಿದ್ದರು. ಎಂಬತ್ತು ದಾಟಿದ ಮನುಷ್ಯ. ನನ್ನ ಕಿವಿಗೆ ಬಾಗಿ ಮೆಲ್ಲಗೆ ಕೇಳಿದರು: "ಹಾಗಾದ್ರೆ ಆ ಪಾರುಪತ್ಯಗಾರ ಅಷ್ಟು ಹೊಗಳಿದ್ದು ಎಂತದನ್ನು ಮಾರಾಯ್ರೆ?"

ನಗು ತಡೆಯೋಕೆ ಆಗಲಿಲ್ಲ. ಹಿಂದಿನ ಸಾಲಿಂದ ಅತ್ತಿಗೆ ಗುರಾಯಿಸಿದರು. ಅವತ್ತಿನಿಂದ ಇವತ್ತಿನವರೆಗೂ ಆ ಜ್ಯೂಸ್ ನನ್ನ ತಲೆಯಿಂದ ಇಳಿದಿಲ್ಲ. ಹಾಗಾಗಿ ಇಲ್ಲಿ ಇಳಿಸ್ತಾ ಇದ್ದೀನಿ, ಕ್ಷಮಿಸಿ.

ಮೊದಲೇ ಹೇಳಿಬಿಡ್ತೀನಿ, ನಾನು ಕುಡಿಯೋನಲ್ಲ. ನಿಮಗೆಲ್ಲ ಗೊತ್ತಿರೋದೇ. ಆಫೀಸ್ ಪಾರ್ಟಿಗಳಲ್ಲಿ ಎಲ್ಲರ ಕಾರಿನ ಕೀ ಇಟ್ಟುಕೊಂಡು ನಿಂಬೂ ಸೋಡಾ ಹಿಡಿದು ಕೂರುವವನು ನಾನೇ. ಕುಡೀಬೇಡಿ ಅಂತ ಆ ಪಾಸ್ಟರ್ ಒಂದು ಗಂಟೆ ಹೇಳಿದ್ದರೂ ಕೈಕಟ್ಟಿ ಕೇಳುತ್ತಿದ್ದೆ. ಕುಡೀಬೇಡಿ ಅನ್ನೋದಕ್ಕೆ ಬೈಬಲ್ಲನ್ನೇ ತಿದ್ದಬೇಕಾ, ಅದಷ್ಟೇ ನನ್ನ ತಕರಾರು.

ಆ ಅಜ್ಜ ಕೇಳಿದ್ದು ತಮಾಷೆ ಪ್ರಶ್ನೆ ಅಲ್ಲ. ಕಥೆಯಲ್ಲಿ ಔತಣದ ಪಾರುಪತ್ಯಗಾರ, ಅಂದರೆ ಊಟದ ಉಸ್ತುವಾರಿ ನೋಡಿಕೊಳ್ಳುವವನು, ಹೊಸದಾಗಿ ಬಂದಿದ್ದನ್ನು ರುಚಿ ನೋಡಿ ಮದುಮಗನನ್ನು ಕರೆದು ಹೇಳುತ್ತಾನೆ. ಎಲ್ಲರೂ ಮೊದಲು ಒಳ್ಳೇದನ್ನು ಕೊಟ್ಟು, ಜನ ಕುಡಿದು ಅಮಲೇರಿದ ಮೇಲೆ ಕಳಪೆ ಮಾಲು ಇಳಿಸ್ತಾರೆ, ನೀನು ಒಳ್ಳೇದನ್ನು ಇಲ್ಲಿವರೆಗೂ ಇಟ್ಟಿದ್ದೀಯಲ್ಲ ಅಂತ. ಜ್ಯೂಸ್ ಕುಡಿದವರಿಗೆ ಕೊನೆಗೆ ಕಳಪೆ ಕೊಟ್ಟರೆ ಗೊತ್ತಾಗಲ್ವಾ? ಗೊತ್ತಾಗದೇ ಇರೋದು ಯಾವಾಗ ಅಂತ ಬಾರ್ ನಡೆಸುವವರನ್ನು ಕೇಳಿ. ಇನ್ನು ಅಳತೆ ನೋಡಿ. 6 ಕಲ್ಲಿನ ಬಾನಿಗಳು, ಒಂದೊಂದರಲ್ಲಿ ಸುಮಾರು 80ರಿಂದ 120 ಲೀಟರ್. ಒಟ್ಟು 500 ಲೀಟರ್ ಹತ್ತಿರ, ಇಲ್ಲ ಅದಕ್ಕೂ ಜಾಸ್ತಿ. ಒಂದು ಸಿಂಟೆಕ್ಸ್ ಟ್ಯಾಂಕ್! ಸ್ವಾಮಿಗೆ ಕೈ ಸ್ವಲ್ಪ ಉದಾರವೇ.

ಊಟಕ್ಕೆ ಕೂತಾಗ ತಡೆಯಲಾರದೆ ಪಾಸ್ಟರ್ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ. "ಜ್ಯೂಸ್ ಅಂತ ಎಲ್ಲಿದೆ ಪಾಸ್ಟರ್?"

"ನಿಮ್ಮ ಬೈಬಲ್ಲನ್ನೇ ತೆಗೆದು ನೋಡಿ ಬ್ರದರ್. ದ್ರಾಕ್ಷಾರಸ ಅಂತ ಇದೆ. ದ್ರಾಕ್ಷಿಯ ರಸ. ಇನ್ನೇನು ಬೇಕು?" ಅಂದು ಲೆಗ್ ಪೀಸಿಗೆ ಕೈ ಹಾಕಿದರು.

ನೋಡಿ, ಇಷ್ಟೇ ವಿಷಯ. ನಮ್ಮ ಕನ್ನಡ ಬೈಬಲ್ ಮಾಡಿದವರು ಒಂದು ಚಂದದ ಪದ ಹಾಕಿಬಿಟ್ಟರು, ದ್ರಾಕ್ಷಾರಸ. ಕೇಳೋಕೆ ಸಿಹಿ. ಅಂಗಡಿ ಬೋರ್ಡಿನ ಮೇಲೂ ಬರೆಯಬಹುದು. ಆದರೆ ಆದಿಕಾಂಡದಲ್ಲಿ ನೋಹ ಕುಡಿದು ಬಟ್ಟೆ ಮೇಲೆ ನಿಗಾ ಇಲ್ಲದೆ ಗುಡಾರದಲ್ಲಿ ಬಿದ್ದುಕೊಂಡಿದ್ದನಲ್ಲ, ಅವನು ಕುಡಿದದ್ದೂ ಈ ದ್ರಾಕ್ಷಾರಸವನ್ನೇ. ಮೂಲ ಹೀಬ್ರೂನಲ್ಲಿ ಅದು ಯಾಯಿನ್. ಮೆಲ್ಕಿಚೆದೆಕ ಅನ್ನೋ ರಾಜ ರೊಟ್ಟಿ ಜೊತೆ ಅಬ್ರಹಾಮನಿಗೆ ತಂದದ್ದೂ ಯಾಯಿನ್. ಮೂಸಂಬಿ ಜ್ಯೂಸ್ ಕುಡಿದು ಹಾಗೆ ಬಿದ್ದವರನ್ನು ನಾನಂತೂ ನೋಡಿಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪದ ಓಯ್ನೊಸ್. ಕಾನಾದಲ್ಲಿ ಓಯ್ನೊಸ್. ಕುಡಿದು ಮತ್ತರಾಗಬೇಡಿ ಅಂತ ಯೇಸುವಿನ ಪ್ರಚಾರಕ ಪೌಲ ಎಫೆಸ ಊರಿನ ಸಭೆಗೆ ಬರೆದ ಪತ್ರದಲ್ಲೂ ಅದೇ ಓಯ್ನೊಸ್. ನಮ್ಮ ಮನೆಯ ಹಳೇ ಬೈಬಲ್ಲಿನಲ್ಲಿ ಕಾನಾದಲ್ಲಿ ದ್ರಾಕ್ಷಾರಸ ಅಂತಿದೆ, ಎಫೆಸದಲ್ಲಿ ಮದ್ಯ ಅಂತಿದೆ. ಪದಾರ್ಥ ಒಂದೇ. ಸ್ವಾಮಿ ಮಾಡಿದರೆ ರಸ, ನಾವು ಕುಡಿದರೆ ಮದ್ಯ.

ಇರಲಿ, ಪದ ಪಕ್ಕಕ್ಕಿಡೋಣ. ದ್ರಾಕ್ಷಿಯನ್ನೇ ಕೇಳೋಣ.

ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಚರ್ಚಿನ ಸಂಸ್ಕಾರಕ್ಕೆ, ಅಂದರೆ ಯೇಸುವಿನ ಕಡೇ ರಾತ್ರಿಯ ಊಟದ ನೆನಪಿಗೆ ರೊಟ್ಟಿ, ರಸ ಹಂಚುವ ಆಚರಣೆಗೆ, ರಸ ಅಮ್ಮನೇ ಮಾಡಿಕೊಡುತ್ತಿದ್ದಳು. ಕಪ್ಪು ದ್ರಾಕ್ಷಿ ತೊಳೆದು, ಚೆನ್ನಾಗಿ ಕುದಿಸಿ, ಬಿಳಿ ಪಂಚೆಯಲ್ಲಿ ಸೋಸಿ, ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುತ್ತಿದ್ದಳು. ಆ ಪಂಚೆಯ ನೇರಳೆ ಕಲೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಒಂದು ವರ್ಷ ಅಮ್ಮನಿಗೆ ಟೈಫಾಯಿಡ್. ಆ ಸಲ ಸಭೆಯ ಹಿರಿಯರೊಬ್ಬರು ಸುಮ್ನೆ ದ್ರಾಕ್ಷಿ ಹಿಂಡಿ, ಕುದಿಸದೆ, ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ತಂದರು. ಶುಭ ಶುಕ್ರವಾರದ ಹಿಂದಿನ ರಾತ್ರಿ ಸಂಸ್ಕಾರಕ್ಕೆ ಅರ್ಧ ಖರ್ಚಾಯಿತು. ಉಳಿದ ಅರ್ಧ ಈಸ್ಟರಿಗಾಯಿತು ಅಂತ ಮುಚ್ಚಳ ಬಿಗಿಯಾಗಿ ತಿರುಗಿಸಿ ಒಳಕೋಣೆಯ ಬೀರು ಪಕ್ಕ ಇಟ್ಟರು. ಏಪ್ರಿಲ್ ತಿಂಗಳು, ಮೇಲೆ ಶೀಟಿನ ಸೂರು.

ಭಾನುವಾರ ಬೆಳಗ್ಗೆ ನೋಡಿದರೆ ಕ್ಯಾನು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ನಮ್ಮ ಚರ್ಚಿನ ಪಾದ್ರಿ, ಅಯ್ಯನವರು, ಬಿಳಿ ನಿಲುವಂಗಿ ಹಾಕಿಕೊಂಡು ಮುಚ್ಚಳ ತಿರುಗಿಸಿದರು. ಬುಸ್ ಅಂತು. ಎದೆಯಿಂದ ಹೊಟ್ಟೆವರೆಗೂ ನೇರಳೆ. ಮೂಗಿಗೆ ಹುಳಿ ಹುಳಿ ಘಮ. ಹಿರಿಯರು ಬೆರಳದ್ದಿ ನೆಕ್ಕಿ, ಒಂದು ಕ್ಷಣ ಸುಮ್ಮನಿದ್ದು, "ಆಗೋಗಿದೆ ಅಯ್ಯನೋರೇ" ಅಂದರು. ಆ ಈಸ್ಟರಿಗೆ ರಸ್ನಾ ಕಲಸಿದರು ಅಂತ ನಾನು ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಮನೆಯಲ್ಲಿ ಯಾರೂ ಒಪ್ಪಲ್ಲ.

ನೀರಾ ಇಳಿಸಿದ್ದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ಸಿಹಿ ನೀರಾ, ಬಿಸಿಲೇರಿದ ಮೇಲೆ ಹೆಂಡ. ದ್ರಾಕ್ಷಿಯೂ ಹಾಗೇ. ಯೀಸ್ಟು ತೋಟದಿಂದಲೇ ಹಣ್ಣಿನ ಮೇಲೆ ಬಂದಿರುತ್ತದೆ. ಹಿಂಡಿ ಬಿಟ್ಟರೆ ಸಾಕು, ಒಂದೆರಡು ದಿನದಲ್ಲಿ ಗುಳು ಗುಳು ಶುರು. ಹೊಸ ದ್ರಾಕ್ಷಾರಸವನ್ನು ಹಳೇ ಬುದ್ದಲಿಗೆ, ಅಂದರೆ ಚರ್ಮದ ಚೀಲಕ್ಕೆ, ಹಾಕಬೇಡಿ, ಬುದ್ದಲಿ ಒಡೆದುಹೋಗುತ್ತೆ ಅಂತ ಸ್ವಾಮಿ ಹೇಳಿದ್ದು ಯಾಕೆ? ನಮ್ಮ ಕ್ಯಾನಿನ ಕಥೆಯೇ ಅದು. ಹಳೇ ಚರ್ಮ ಹಿಗ್ಗಲ್ಲ, ಒಳಗಿನ ಗಾಳಿ ಬಿಡಲ್ಲ.

ಕಾಲ ಲೆಕ್ಕ ಹಾಕಿ. ಪ್ಯಾಲೆಸ್ಟೈನಿನಲ್ಲಿ ದ್ರಾಕ್ಷಿ ಸುಗ್ಗಿ ಬೇಸಿಗೆಯ ಕೊನೆಗೆ, ಸೆಪ್ಟೆಂಬರ್ ಆಸುಪಾಸು. ಯಹೂದ್ಯರ ಪಸ್ಕ ಹಬ್ಬ ಮಾರ್ಚ್ ಏಪ್ರಿಲ್‌ಗೆ. ಕಡೇ ರಾತ್ರಿಯ ಊಟ ನಡೆದದ್ದು ಪಸ್ಕದಲ್ಲಿ. ಹೋದ ಸುಗ್ಗಿಯಲ್ಲಿ ಹಿಂಡಿದ ರಸ ಆರು ತಿಂಗಳು ಫ್ರಿಜ್ ಇಲ್ಲದೆ ಜ್ಯೂಸ್ ಆಗಿಯೇ ಇತ್ತು ಅಂದರೆ, ಕಾನಾಕ್ಕಿಂತ ದೊಡ್ಡ ಪವಾಡ ಅದು. ಯಾಕೋ ಯಾವ ಸುವಾರ್ತೆಯವರೂ ಅದನ್ನು ಬರೆದಿಲ್ಲ.

ಜ್ಯೂಸನ್ನು ಜ್ಯೂಸ್ ಆಗಿಯೇ ಬಾಟಲಿಯಲ್ಲಿ ನಿಲ್ಲಿಸಿದವರು ಯಾರು ಗೊತ್ತಾ? ನಮ್ಮವರೇ, ಮೆಥಡಿಸ್ಟರು! ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಅನ್ನೋ ಊರಿನಲ್ಲಿ ಥಾಮಸ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರ್. ಸಂಸ್ಕಾರದಲ್ಲಿ ವೈನ್ ಕೊಡೋದು ಆತನಿಗೆ ಸರಿಬರುತ್ತಿರಲಿಲ್ಲ. ಲೂಯಿ ಪಾಸ್ಚರ್ ಕಂಡುಹಿಡಿದ ವಿಧಾನ ಬಳಸಿ, ದ್ರಾಕ್ಷಿರಸ ತುಂಬಿದ ಬಾಟಲಿಗಳನ್ನು ಬಿಸಿ ಮಾಡಿ ಯೀಸ್ಟ್ ಸಾಯಿಸಿದ. 1869ರಲ್ಲಿ. ಅದಕ್ಕೆ 'ಹುಳಿಯದ ವೈನ್' ಅಂತ ಹೆಸರಿಟ್ಟು ಚರ್ಚುಗಳಿಗೆ ಮಾರಲು ಹೊರಟ. ಮೊದಮೊದಲು ಹೆಚ್ಚು ಜನ ಕೊಳ್ಳಲಿಲ್ಲ, ಆಮೇಲೆ ಮಗ ಅದನ್ನು ದೊಡ್ಡ ವ್ಯಾಪಾರ ಮಾಡಿದ. ಅಂದರೆ ಕಾನಾದ ಮದುವೆ ಆಗಿ 1,800 ವರ್ಷ ಕಳೆದ ಮೇಲೆ ಬಂದ ಬಾಟಲಿಯನ್ನು ನಾವು ಹಿಂದಕ್ಕೆ ಸಾಗಿಸಿ ಆ ಬಾನಿಗಳೊಳಗೆ ಸುರಿದಿದ್ದೇವೆ. ಹಲ್ಲಿನ ಡಾಕ್ಟರನ್ನು ನಾನು ಬೈಯಲ್ಲ. ಆತ ಮಾಡಿದ್ದು ಒಳ್ಳೇ ಕೆಲಸವೇ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಓದಿಕೊಂಡವರು ಇಲ್ಲಿ ಒಂದು ಮಾತು ತೆಗೀತಾರೆ. ಆ ಕಾಲದಲ್ಲಿ ರಸವನ್ನು ಕುದಿಸಿ ಪಾಕ ಮಾಡಿ ಇಡುತ್ತಿದ್ದರಲ್ಲ ಅಂತ. ಮಾಡುತ್ತಿದ್ದರು, ನಿಜ. ನಾವೂ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡ್ತೀವಿ. ಹಾಗಂತ ಜೋನಿಬೆಲ್ಲಕ್ಕೆ ನೀರು ಬೆರೆಸಿ ಅದೇ ಕಬ್ಬಿನ ಹಾಲು ಅನ್ನುತ್ತೇವಾ? ಇನ್ನೊಂದು ಮಾತು, ಅವರು ವೈನಿಗೆ ನೀರು ಬೆರೆಸಿ ಕುಡಿಯುತ್ತಿದ್ದರು ಅನ್ನೋದು. ಅದೂ ನಿಜ. ಯಹೂದ್ಯರೂ ಬೆರೆಸುತ್ತಿದ್ದರು, ಗ್ರೀಕರೂ ಬೆರೆಸುತ್ತಿದ್ದರು. ನಮ್ಮೂರಲ್ಲೂ ಎಲ್ಲರೂ ಬೆರೆಸುತ್ತಾರೆ, ಮನೆ ಮಾತ್ರ ಯಾರೂ ನೆಟ್ಟಗೆ ಸೇರಲ್ಲ. ಕೊರಿಂಥ ಊರಿನ ಸಭೆಯಲ್ಲಿ ಕರ್ತನ ಭೋಜನಕ್ಕೆ, ಅಂದರೆ ಇದೇ ಸಂಸ್ಕಾರಕ್ಕೆ, ಕೂಡಿದಾಗಲೇ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಅಮಲೇರಿದ್ದಾನೆ ಅಂತ ಪೌಲ ಗದರಿದ್ದಾನೆ. ಜ್ಯೂಸಿನಲ್ಲಿ ಅಮಲೇರಿತಾ?

ಎಲ್ಲಕ್ಕಿಂತ ನನಗೆ ಇಷ್ಟ ಯೇಸುವಿನ ಶಿಷ್ಯ ಪೇತ್ರನ ಉತ್ತರ. ಪಸ್ಕ ಆಗಿ ಐವತ್ತನೇ ದಿನಕ್ಕೆ ಬರೋ ಪಂಚಾಶತ್ತಮ ಹಬ್ಬದ ದಿನ ಶಿಷ್ಯರು ಬೇರೆ ಬೇರೆ ಭಾಷೆಯಲ್ಲಿ ಮಾತಾಡೋದು ಕೇಳಿ ಕೆಲವರು, ಇವರು ಕುಡಿದಿದ್ದಾರೆ ಅಂತ ಹಾಸ್ಯ ಮಾಡ್ತಾರೆ. ಪೇತ್ರ ಏನನ್ನಬೇಕಿತ್ತು? ಛೇ, ನಾವು ಕುಡಿಯೋ ಜನ ಅಲ್ಲ ಅನ್ನಬೇಕಿತ್ತು. ಅವನು ಹೇಳಿದ್ದು, ಈಗಿನ್ನೂ ಬೆಳಗ್ಗೆ ಒಂಬತ್ತು ಗಂಟೆ ಅಂತ! ಆ ಜಾಗ ಓದಿದಾಗಲೆಲ್ಲ ನಮ್ಮ ಬಡಾವಣೆಯ ಎಂಆರ್‌ಪಿ ಅಂಗಡಿಯ ಶಟರ್ ಕಣ್ಣ ಮುಂದೆ ಬರುತ್ತೆ.

ಈಗ ಖುಷಿಪಡುತ್ತಿರುವ ಇನ್ನೊಂದು ಪಾರ್ಟಿಯವರಿಗೆ. ನನಗೆ ಗೊತ್ತು, ಇದನ್ನು ಇವತ್ತು ರಾತ್ರಿಯೇ ಹೆಂಡತಿಗೆ ತೋರಿಸ್ತೀರಿ. ನೋಡು, ಯೇಸುವೇ ಕುಡಿದ ಅಂತ. ಕುಡಿದ, ಹೌದು. ಸ್ನಾನಿಕನಾದ ಯೋಹಾನ ಕುಡಿಯಲಿಲ್ಲ, ಅವನಿಗೆ ದೆವ್ವ ಹಿಡಿದಿದೆ ಅಂದಿರಿ. ನಾನು ತಿನ್ನುತ್ತೇನೆ ಕುಡಿಯುತ್ತೇನೆ, ನನಗೆ ಹೊಟ್ಟೆಬಾಕ ಕುಡುಕ ಅಂದಿರಿ ಅಂತ ಆತನೇ ಹೇಳಿಕೊಂಡಿದ್ದಾನೆ. ಆದರೆ ಆತ ಕುಡಿದದ್ದು ನೀವು ಕುಡಿಯೋದಲ್ಲ. ಆ ಕಾಲದಲ್ಲಿ ಮದ್ಯ ಭಟ್ಟಿ ಇಳಿಸೋದು ಇರಲಿಲ್ಲ. ದ್ರಾಕ್ಷಿ ತಾನಾಗಿ ಹುಳಿತರೆ ಹದಿನೈದು ಪರ್ಸೆಂಟ್ ಮುಟ್ಟೋದೂ ಕಷ್ಟ, ಅದಕ್ಕೂ ಮೇಲೆ ನೀರು. ನಿಮ್ಮ ಕ್ವಾರ್ಟರ್ ಬಾಟಲಿ ಹಿಂದೆ ತಿರುಗಿಸಿ ಓದಿ, 42.8 ಅಂತಿರುತ್ತೆ. ಆ ಬಾಟಲಿ ಕಾನಾದಲ್ಲಿ ಇರಲಿಲ್ಲ. ಅದೇ ಬೈಬಲ್ಲಿನ ಜ್ಞಾನೋಕ್ತಿಯಲ್ಲಿ ಕುಡುಕನ ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಹಡಗಿನ ಮೇಲೆ ಮಲಗಿದವನ ಹಾಗೆ ತೂಗಾಡೋದು, ಎದ್ದ ತಕ್ಷಣ ಮತ್ತೆ ಹುಡುಕಿಕೊಂಡು ಹೋಗೋದು, ಎಲ್ಲಾ ಇದೆ. ಬರೆದವನು ಹತ್ತಿರದಿಂದ ನೋಡಿದ್ದಾನೆ.

ನಾನೂ ನೋಡಿದ್ದೇನೆ.

ನನ್ನ ಚಿಕ್ಕಪ್ಪ ರೈಲ್ವೇಯಲ್ಲಿದ್ದರು. ಬುದ್ಧಿವಂತ. ನಮ್ಮ ಮನೆತನದಲ್ಲಿ ಬೈಬಲ್ಲನ್ನು ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು. ಕುಡಿತ ಸಂಬಳ ನುಂಗಿತು, ಚಿಕ್ಕಮ್ಮನ ಸರ ನುಂಗಿತು. ಸಭೆಯ ಹಿರಿಯರು ಬುದ್ಧಿ ಹೇಳೋಕೆ ಮನೆಗೆ ಬಂದರು. ಯೇಸು ಕುಡಿದದ್ದು ಬರೀ ರಸ, ನೀನು ಮಾಡ್ತಿರೋದು ಪಾಪ ಅಂದರು. ಚಿಕ್ಕಪ್ಪ ಒಳಗಿಂದ ಬೈಬಲ್ ತಂದು ಮಡಿಲಲ್ಲಿಟ್ಟುಕೊಂಡು ನೋಹನಿಂದ ಶುರು ಮಾಡಿದರು. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಓದಿದರು, ದಶಮಾಂಶದ, ಅಂದರೆ ದೇವರಿಗೆ ಮೀಸಲಿಟ್ಟ ಹತ್ತನೇ ಒಂದು ಪಾಲಿನ, ದುಡ್ಡಿನಲ್ಲಿ ನಿಮಗೆ ಬೇಕಾದ ದ್ರಾಕ್ಷಾರಸ, ಮದ್ಯ ತೆಗೆದುಕೊಂಡು ದೇವರ ಮುಂದೆ ಸಂತೋಷಪಡಿ ಅಂತ ಇರೋ ಜಾಗ. ಹಿರಿಯರ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಎದ್ದರು. "ಇದರಲ್ಲೇ ಸುಳ್ಳು ಹೇಳಿದ್ರಿ. ನೀವು ಹೇಳೋ ಮಿಕ್ಕಿದ್ದು ನಾನು ಯಾಕೆ ನಂಬಲಿ?" ಅಂತ ಚಿಕ್ಕಪ್ಪ ಬಾಗಿಲವರೆಗೂ ಬಂದು ಕೇಳಿದರು. ಆಮೇಲೆ ಒಂಬತ್ತು ವರ್ಷ ಕುಡಿದರು.

ಆ ಒಂಬತ್ತು ವರ್ಷವನ್ನು ನಾನು ಹಿರಿಯರ ತಲೆಗೆ ಕಟ್ಟುತ್ತಿಲ್ಲ. ಚಿಕ್ಕಪ್ಪ ಕುಡಿಯೋಕೆ ಇನ್ನೊಂದು ನೆಪ ಹುಡುಕಿಕೊಳ್ಳುತ್ತಿದ್ದರು, ಕುಡಿಯುವವರಿಗೆ ನೆಪಕ್ಕೆ ಬರವೇ? ಆದರೆ ಆ ನೆಪವನ್ನು ಮನೆಬಾಗಿಲಿಗೆ ತಂದುಕೊಟ್ಟದ್ದು ನಾವೇ ಅಲ್ವಾ? ಮಾಂಸ ತಿನ್ನೋದರಿಂದ, ದ್ರಾಕ್ಷಾರಸ ಕುಡಿಯೋದರಿಂದ ಸಹೋದರ ಎಡವುತ್ತಾನೆ ಅಂದರೆ ಬಿಟ್ಟುಬಿಡೋದು ಒಳ್ಳೇದು ಅಂತ ಪೌಲ ರೋಮಾದವರಿಗೆ ಬರೆದಿದ್ದಾನೆ. ಅದನ್ನು ಓದಬಹುದಿತ್ತು. ನಿನ್ನ ಹೆಂಡತಿ ಮಕ್ಕಳ ಮುಖ ನೋಡು ಅನ್ನಬಹುದಿತ್ತು. ಬೈಬಲ್ಲಿನಲ್ಲೇ ಬರುವ ರೇಕಾಬ್ಯರ ಮನೆತನದವರು ಕುಡಿಯಲಿಲ್ಲ, ದೇವರಿಗೆ ಹರಕೆ ಹೊತ್ತ ನಾಜೀರರು ಒಣದ್ರಾಕ್ಷಿಯನ್ನೂ ಮುಟ್ಟಲಿಲ್ಲ. ಅವರು ಯಾರೂ ಅದು ಜ್ಯೂಸ್ ಅನ್ನಲಿಲ್ಲ. ವೈನ್ ಅಂತ ಗೊತ್ತಿದ್ದೇ ಬಿಟ್ಟರು.

ಚಿಕ್ಕಪ್ಪ ಕೊನೆಗೆ ಬಿಟ್ಟದ್ದು ಯಾರ ಪ್ರಸಂಗದಿಂದಲೂ ಅಲ್ಲ. ಲಿವರ್ ಡಾಕ್ಟರ್ ಹೆದರಿಸಿದರು, ಮಗಳು ಮಾತು ಬಿಟ್ಟಳು. ಬಿಟ್ಟ ಮೇಲೆ ಅವರಿಗೆ ಒಂದೇ ತೊಂದರೆ. ಅವರ ಊರಿನ ಚರ್ಚಿನಲ್ಲಿ ಸಂಸ್ಕಾರಕ್ಕೆ ನಿಜವಾದ ವೈನ್ ಕೊಡುತ್ತಿದ್ದರು. ಒಂದು ಗುಟುಕು ನಾಲಿಗೆಗೆ ತಗುಲಿದರೂ ಕಥೆ ಮುಗೀತು ಅಂತ ಅವರಿಗೆ ಗೊತ್ತಿತ್ತು. ನಾಲ್ಕೈದು ತಿಂಗಳು ರೊಟ್ಟಿ ಮಾತ್ರ ತಗೊಂಡು ಎದ್ದು ಬರುತ್ತಿದ್ದರು. ಅಲ್ಲಿನ ವಯಸ್ಸಾದ ಅಯ್ಯನವರು ಅದನ್ನು ಗಮನಿಸಿದ್ದರು. ಒಂದು ಭಾನುವಾರ ಟ್ರೇಯ ಮೂಲೆಯಲ್ಲಿ ಒಂದು ಸಣ್ಣ ಸ್ಟೀಲ್ ಲೋಟ ಬೇರೆಯಾಗಿ ಬಂತು. ಅದರಲ್ಲಿ ದ್ರಾಕ್ಷಿ ಜ್ಯೂಸ್, ಹಲ್ಲಿನ ಡಾಕ್ಟರ್ ಮಾಡಿದಂಥದ್ದು. ಅಯ್ಯನವರು ಏನೂ ಹೇಳಲಿಲ್ಲ, ಲೋಟ ಮುಂದೆ ತಳ್ಳಿದರು ಅಷ್ಟೇ. ಆಮೇಲೆ ಪ್ರತಿ ಸಲವೂ ಹಾಗೇ.

ರಜೆಗೆ ಹೋದಾಗ ನಾನು ಪಕ್ಕದಲ್ಲೇ ಮೊಣಕಾಲೂರಿದ್ದೆ. ಚಿಕ್ಕಪ್ಪ ಆ ಲೋಟ ಎತ್ತಿ ಕುಡಿದರು, ಕಣ್ಣು ಮುಚ್ಚಿದರು, ತುಂಬಾ ಹೊತ್ತು ತಲೆ ಎತ್ತಲಿಲ್ಲ. ನನ್ನ ಗಂಟಲು ಕಟ್ಟಿತ್ತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಹೆಗಲು ಹಿಡಿದುಕೊಂಡು ಹೇಳಿದರು: "ಸಕ್ಕರೆ ಜಾಸ್ತಿ ಕಣೋ ಅದರಲ್ಲಿ. ನನಗೆ ಶುಗರ್ ಇದೆ ಅಂತ ಅಯ್ಯನೋರಿಗೆ ನೀನೇ ಹೇಳು, ನನಗೆ ಸಂಕೋಚ."