ವಿಮಾನ ಇಳಿದು ಹಾದು ಹೋಗುವ ಊರು

ಮಗಳ ಬಾಣಂತನಕ್ಕೆ ಅಂತ ನ್ಯೂಯಾರ್ಕಿಗೆ ಹೊರಟಿದ್ದೆ. ಮನೆ ಇರುವುದು ಅದೇ ನಗರದ ಇನ್ನೊಂದು ಭಾಗವಾದ ಕ್ವೀನ್ಸಿನಲ್ಲಿ ಎಂದು ಗೊತ್ತಾದಾಗ ಸ್ವಲ್ಪ ಪೆಚ್ಚಾದೆ. ನ್ಯೂಯಾರ್ಕ್ ಅಂದರೆ ನನಗೆ ಮ್ಯಾನ್‌ಹಟನ್ ಅಷ್ಟೇ. ಇಲ್ಲೇ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನಮ್ಮ ಭಾವನವರು ಎರಡು ಸಲ ಹೋಗಿ ಬಂದವರು. "ಅಲ್ಲೇನಿದೆ? ವಿಮಾನ ಇಳಿದು ಹಾದು ಹೋಗೋ ಜಾಗ" ಅಂದುಬಿಟ್ಟರು.

ಅದು ಸುಳ್ಳೂ ಅಲ್ಲ. ಜೆಎಫ್‌ಕೆ, ಲಾಗ್ವಾರ್ಡಿಯಾ ಎರಡೂ ವಿಮಾನ ನಿಲ್ದಾಣ ಇರುವುದು ಕ್ವೀನ್ಸಿನಲ್ಲೇ. ಬಂದವರು ಟ್ಯಾಕ್ಸಿ ಕಿಟಕಿಯಿಂದ ನೋಡಿ ಸೀದಾ ಮ್ಯಾನ್‌ಹಟನ್ನಿಗೆ ಹೋಗುವುದು ರೂಢಿ. ಅಂಥದ್ದರಲ್ಲಿ ಪ್ರವಾಸದ ಪುಸ್ತಕ ತರುವ ಲೋನ್ಲಿ ಪ್ಲಾನೆಟ್‌ನವರು 2015ರಲ್ಲಿ ಅಮೆರಿಕದಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಮಾಡಿ ಕ್ವೀನ್ಸನ್ನೇ ಮೊದಲಿಗೆ ಹಾಕಿದರು. ಈ ಪಟ್ಟಿಗಳ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ಎಲ್ಲರೂ ಹೊಗಳಿದರು ಅಂತ ಆಗುಂಬೆಗೆ ಹೋಗಿ, ಸೂರ್ಯಾಸ್ತದ ಬದಲು ಮುಂದಿನವರ ಮೊಬೈಲ್ ನೋಡಿ ಬಂದವಳು ನಾನು. ಆದರೆ ಇದೊಂದು ವಿಷಯದಲ್ಲಿ ಅವರು ಹೇಳಿದ್ದು ಸರಿ.

ಅಲ್ಲಿನ 7ನೇ ನಂಬರ್ ರೈಲು ಬಹುಪಾಲು ಕಂಬಗಳ ಮೇಲೆ, ಮನೆಗಳ ಮಹಡಿ ಎತ್ತರದಲ್ಲಿ ಓಡುತ್ತದೆ. ಕೆಳಗೆ ರಸ್ತೆ ತುಂಬ ಅಂಗಡಿ. ಜ್ಯಾಕ್ಸನ್ ಹೈಟ್ಸಿನಲ್ಲಿ ಇಳಿದರೆ ಬಾಂಗ್ಲಾದವರ ಮೀನಂಗಡಿ, ಪಕ್ಕದಲ್ಲಿ ಮೊಮೊ, ಎರಡು ಹೆಜ್ಜೆ ಮುಂದೆ ಕೊಲಂಬಿಯಾದವರು ಜೋಳದ ಹಿಟ್ಟಿನ ರೊಟ್ಟಿಯನ್ನು ಕಾವಲಿ ಮೇಲೆ ಬೇಯಿಸುತ್ತಿರುತ್ತಾರೆ. ಅರೇಪಾ ಅಂತ ಹೆಸರು. ನಮ್ಮ ಅಕ್ಕಿ ರೊಟ್ಟಿಗಿಂತ ದಪ್ಪ, ಒಳಗೆ ಚೀಸ್. ಮೇಲೆ ರೈಲು ಬಂದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಹೋದ ಮೇಲೆ ಬಿಟ್ಟಲ್ಲಿಂದಲೇ ಶುರು.

ಒಂದು ಸಂಜೆ ಒಬ್ಬಳೇ ವಾಪಸ್ ಬರುವಾಗ ರೈಲು ನಾನು ಇಳಿಯಬೇಕಾದ ಕಡೆ ನಿಲ್ಲಲೇ ಇಲ್ಲ! ದುಂಡು ಗುರುತಿನ 7 ಎಲ್ಲ ಕಡೆ ನಿಲ್ಲುತ್ತದೆ, ವಜ್ರದ ಗುರುತಿನದು ನಮ್ಮ ನಾನ್‌ಸ್ಟಾಪ್ ಬಸ್ಸಿನ ಹಾಗೆ. ಪಕ್ಕದ ಸೀಟಿನ ಹೆಂಗಸಿಗೆ ನನ್ನ ಭಾಷೆ ಬರದು, ನನಗೆ ಅವರದು ಬರದು. ಕೈಸನ್ನೆಯಲ್ಲೇ ಮುಂದಿನ ನಿಲ್ದಾಣದಲ್ಲಿ ಇಳಿಸಿ, ಎದುರಿನ ರೈಲು ಹತ್ತಿಸಿದರು.

ಅದೇ ರೈಲಿನ ಕೊನೆಯ ನಿಲ್ದಾಣ ಫ್ಲಶಿಂಗ್. ಅಲ್ಲಿ ಬೌನ್ ಸ್ಟ್ರೀಟ್ ಅಂತ ಒಂದು ರಸ್ತೆ. 1657ರಲ್ಲಿ, ಆಗ ಅಲ್ಲಿ ಆಳುತ್ತಿದ್ದ ಡಚ್ ಗವರ್ನರ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಸಭೆ ಸೇರಬಾರದು ಅಂದಾಗ, ಆ ಪಂಥಕ್ಕೆ ಸೇರದ ಊರಿನವರೇ ಮೂವತ್ತು ಜನ ಇದು ತಪ್ಪು ಎಂದು ಬರೆದು ಸಹಿ ಹಾಕಿದರಂತೆ. ಆಮೇಲೆ ಮನೆಯಲ್ಲಿ ಕ್ವೇಕರ್‌ಗಳಿಗೆ ಜಾಗ ಕೊಟ್ಟು ಗಡೀಪಾರಾದ ಜಾನ್ ಬೌನ್ ಹೆಸರೇ ಈ ರಸ್ತೆಗೆ. ಈಗ ಅಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣೇಶನ ಗುಡಿ ಇದೆ. 2022ರಲ್ಲಿ ರಸ್ತೆಗೆ ಗಣೇಶ್ ಟೆಂಪಲ್ ಸ್ಟ್ರೀಟ್ ಅಂತ ಇನ್ನೊಂದು ಹೆಸರೂ ಬಂತು. ಗುಡಿಯ ನೆಲಮಾಳಿಗೆಯಲ್ಲಿ ಕ್ಯಾಂಟೀನು. ನನ್ನ ಎದುರಿಗೆ ಕೂತ ಚೀನಾ ಮೂಲದ ಅಜ್ಜಿಯೊಬ್ಬರು ದೋಸೆಯ ಗರಿಗರಿ ಅಂಚನ್ನು ಮೊದಲು ಮುರಿದು ತಿಂದು, ಆಮೇಲೆ ಮೆತ್ತಗಿನ ನಡುಭಾಗವನ್ನು ಚಟ್ನಿಗೆ ಅದ್ದಿದರು. ಥೇಟ್ ನಮ್ಮಮ್ಮನ ಹಾಗೆ. (ಕಾಫಿ ಮಾತ್ರ ಸುಮಾರು.)

ಫ್ಲಶಿಂಗ್ ಮೆಡೋಸ್ ಪಾರ್ಕಿನಲ್ಲಿ ದೊಡ್ಡ ಉಕ್ಕಿನ ಭೂಗೋಳ ಇದೆ, 140 ಅಡಿ ಎತ್ತರ. 1964ರ ವಿಶ್ವ ಮೇಳಕ್ಕೆ ಮಾಡಿದ್ದು. ಒಂದು ಕಾಲಕ್ಕೆ ಅಲ್ಲಿ ಊರಿನ ಬೂದಿ ಸುರಿಯುತ್ತಿದ್ದರಂತೆ.

ವಾಪಸ್ ಬಂದು ಭಾವನವರ ಹತ್ತಿರ ಜಗಳಕ್ಕೇ ನಿಂತೆ. ಆಮೇಲೆ ನನಗೇ ನಾಚಿಕೆಯಾಯಿತು. ಇಷ್ಟು ವರ್ಷ ಮನೆಗೆ ಬಂದ ನೆಂಟರಿಗೆಲ್ಲ ನಾನು ಹೇಳಿದ್ದೇನು? "ಶಿವಮೊಗ್ಗದಲ್ಲಿ ಏನಿಲ್ಲ, ಜೋಗಕ್ಕೆ ಬಸ್ ಬದಲಿಸೋ ಊರು." ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಇನ್ನೂ ಸುಲಭ, ಇಳಿದವರು ಊರೊಳಗೆ ಬರುವುದೇ ಬೇಡ.

ಡಿಸೆಂಬರಿನಲ್ಲಿ ಅಳಿಯನ ಸಹೋದ್ಯೋಗಿ ದಂಪತಿ ಬರುತ್ತಿದ್ದಾರೆ. ಜೋಗ ಒಂದನ್ನೇ ನೋಡಿ ಹೋಗುತ್ತಾರಂತೆ. ಆ ಹೊತ್ತಿಗೆ ಅಲ್ಲಿ ನೀರೆಷ್ಟಿರುತ್ತದೆ ಅಂತ ನಮಗೆ ಗೊತ್ತಿಲ್ವಾ? ಎರಡು ದಿನ ಇಲ್ಲೇ ಉಳಿಯಿರಿ ಅಂದಿದ್ದೇನೆ. ಬೆಳಗ್ಗೆ ಸಕ್ರೆಬೈಲಿನಲ್ಲಿ ಆನೆ ಸ್ನಾನ. ತುಂಗೆ, ಭದ್ರೆ ಸೇರುವ ಕೂಡ್ಲಿಯಲ್ಲಿ ಒಂದು ಗಂಟೆ ಸುಮ್ನೆ ಕೂರುವುದು. ಸಂಜೆ ಗಾಂಧಿ ಬಜಾರ್. "ಗಾಂಧಿ ಬಜಾರಲ್ಲಿ ಏನು ತೋರಿಸ್ತೀಯಮ್ಮಾ?" ಅಂತ ಭಾವನವರು ನಗುತ್ತಿದ್ದಾರೆ. ನಗಲಿ. ತಿಂಡಿಗೆ ಎಲ್ಲಿಗೆ ಕರೆದುಕೊಂಡು ಹೋಗಲಿ, ಅದಷ್ಟು ಹೇಳಿ. ಹೊಸ ಹೋಟೆಲು ಬೇಡ, ನೀವು ದಿನಾ ತಿನ್ನುವ ಜಾಗ ಹೇಳಿ.