ಸೋಮವಾರ ಹುಟ್ಟುವ ಮೊದಲು

ಕಳೆದ ಸೋಮವಾರ ಬೆಳಿಗ್ಗೆ ಏಳೂವರೆಗೆ ಮೈಸೂರಿನ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಶರ್ಟಿನ ತೋಳು ಮಡಿಚಿಕೊಂಡು, ಮುಷ್ಟಿ ಬಿಗಿಹಿಡಿದು ಕುಳಿತಿದ್ದೆ. ಸೂಜಿಯ ಮುಚ್ಚಳ ತೆಗೆಯುತ್ತಿದ್ದ ಹುಡುಗಿ, "ಸರ್, ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಿ ತಾನೇ?" ಎಂದು ಕೇಳಿದಳು. ಬಾಯಿತಪ್ಪಿ ನಿಜ ಹೇಳುವ ನನ್ನ ಹಳೆಯ ಕಾಯಿಲೆ ಆ ಗಳಿಗೆಯಲ್ಲೂ ಕೈಬಿಡಲಿಲ್ಲ. "ಹೆಚ್ಚೇನಿಲ್ಲ, ನಾಲ್ಕು ಇಡ್ಲಿ" ಎಂದೆ. ಅವಳು ಮುಚ್ಚಳವನ್ನು ಮತ್ತೆ ಹಾಕಿ, "ಚಟ್ನಿ ಜೊತೆನಾ?" ಎಂದಳು. ಅದು ವೈದ್ಯಕೀಯ ಪ್ರಶ್ನೆಯೋ, ಅವಳಿಗೂ ಹಸಿವಾಗಿತ್ತೋ ತಿಳಿಯದು. "ಮಟನ್ ಸಾರು" ಎಂದು ಉತ್ತರಿಸಿದಾಗ, ಪಕ್ಕದ ಕುರ್ಚಿಯಲ್ಲಿ ಹಿಂದಿನ ರಾತ್ರಿಯಿಂದ ಬರೀ ನೀರು ಕುಡಿದು ಬಂದಿದ್ದ ಹಿರಿಯರೊಬ್ಬರು ನನ್ನ ಕಡೆಗೆ ತಿರುಗಿ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ.

ರಕ್ತ ಕೊಡಲು ಬಂದವನನ್ನು ಬಂದ ದಾರಿಗೆ ಸುಂಕವಿಲ್ಲದಂತೆ ಕಳಿಸಲು ಮನಸ್ಸಾಗದೆ, ಆ ಹುಡುಗಿ ಆಹಾರಕ್ರಮದ ನಮೂನೆಯನ್ನಾದರೂ ತುಂಬಿಬಿಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿತಳು. ಮೊದಲ ಪ್ರಶ್ನೆ, "ವಾರಕ್ಕೆ ಎಷ್ಟು ಸಲ ಮಾಂಸ ತಿನ್ನುತ್ತೀರಿ?" ನಾನು, "ಯಾವ ವಾರ?" ಎಂದು ಕೇಳಿದೆ. ತಮಾಷೆಯೆಂದು ತಿಳಿದು ಅವಳು ನಕ್ಕಳು. ನಾನು ನಗಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಇದಕ್ಕಿಂತ ಗಂಭೀರವಾದ ಪ್ರಶ್ನೆ ಮತ್ತೊಂದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ಈ ಪ್ರಶ್ನೆಯನ್ನು ಕೇಳುತ್ತಾರೆ. ಪ್ರತಿದಿನ, ವಾರಕ್ಕೊಮ್ಮೆ, ಆಗೊಮ್ಮೆ ಈಗೊಮ್ಮೆ, ಎಂದೂ ಇಲ್ಲ ಎಂಬ ನಾಲ್ಕು ಉತ್ತರಗಳಲ್ಲಿ ದೇಶದ ಅಷ್ಟೂ ಜನರ ಬಾಯಿಯನ್ನು ಅಳೆದುಬಿಡುತ್ತಾರೆ. ಮಂಡ್ಯ ಜಿಲ್ಲೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ನಮ್ಮಂಥವರು ಆ ನಾಲ್ಕರಲ್ಲಿ ಎಲ್ಲಿ ಕೂರಬೇಕು? ಸೋಮವಾರ ನಂಜನಗೂಡಿನ ನಂಜುಂಡೇಶ್ವರನದು, ಅದು ಅವ್ವನ ಒಕ್ಕಲು. ಮಂಗಳವಾರ ಚಾಮುಂಡಿಯದು, ಅದು ಹೆಂಡತಿಯ ತವರಿನ ಕಡೆಯಿಂದ ಬಂದ ಬಳುವಳಿ. ಗುರುವಾರ ರಾಯರದು, ಮಗಳು ಪಿಯುಸಿ ಪರೀಕ್ಷೆಯ ವರ್ಷ ಕಟ್ಟಿಕೊಂಡ ಹರಕೆ, ಪಾಸಾದರೂ ಬಿಟ್ಟಿಲ್ಲ. ಶುಕ್ರವಾರ ಲಕ್ಷ್ಮಿಗೆ, ಶನಿವಾರ ವೆಂಕಟರಮಣನಿಗೆ. ಬುಧವಾರ ಯಾವ ದೇವರದೂ ಅಲ್ಲದಿದ್ದರೂ ಅಂದು ನನಗೆ ಕಚೇರಿ, ಮಗಳಿಗೆ ಕಾಲೇಜು, ಅಡುಗೆಗೆ ಪುರುಸೊತ್ತಿಲ್ಲ. ಉಳಿದದ್ದು ಭಾನುವಾರ ಒಂದೇ. ಆ ಭಾನುವಾರಕ್ಕೂ ಶ್ರಾವಣ, ಕಾರ್ತಿಕ, ಏಕಾದಶಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆ ಎಂದು ಹೊಂಚು ಹಾಕುವವರು ಬೇಕಾದಷ್ಟಿದ್ದಾರೆ. 2022ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 25ರ ಭಾನುವಾರ ಬಂದು, ಹಿರಿಯರ ನೆಪದಲ್ಲಿ ನಾವೂ ಹೊಟ್ಟೆ ತುಂಬ ಉಂಡೆವು. ಅದರ ಮುಂದಿನ ಭಾನುವಾರವೇ ಗಾಂಧಿ ಜಯಂತಿಯಾಗಿ, ಚೀಲ ಹಿಡಿದು ಹೋದವನು ಮುಚ್ಚಿದ ಬಾಗಿಲು ನೋಡಿ ಬದನೆಕಾಯಿ ತಂದೆ.

ವಾರದ ನಿಯಮಕ್ಕೆ ವಿನಾಯಿತಿಗಳೂ ಇವೆ, ಅವುಗಳ ಮೇಲೆ ಅವ್ವನದೇ ಅಂತಿಮ ತೀರ್ಪು. 2025ರ ಯುಗಾದಿ ಭಾನುವಾರ ಬಂದಿತ್ತು, ಮಾರ್ಚ್ 30ಕ್ಕೆ. ಹಾಗಾಗಿ ಮಾರನೆಯ ದಿನದ ಬಾಡೂಟದ ಹಬ್ಬ, ಹೊಸತೊಡಕು, ಸೋಮವಾರಕ್ಕೆ ಬಿತ್ತು. ಬೀದಿಯಲ್ಲಿ ಅರ್ಧ ಮನೆಗಳು ಮಂಗಳವಾರಕ್ಕೆ ಮುಂದೂಡಿದರೆ, ನಮ್ಮಲ್ಲಿ ಮಂಗಳವಾರಕ್ಕೆ ಚಾಮುಂಡಿ ಅಡ್ಡ ನಿಂತಿದ್ದಳು. ಅವ್ವ ಒಂದು ದಿನವಿಡೀ ಯೋಚಿಸಿ, "ಹೊಸತೊಡ್ಕಿಗೆ ವಾರ ಇಲ್ಲ ಕಣ್ಲಾ, ನಂಜುಂಡಪ್ಪಂಗೂ ಗೊತ್ತು" ಎಂದಳು. ಅದರ ಹಿಂದಿನ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಕೊಡಬೇಕೆಂದು ದೊಡ್ಡ ಗಲಾಟೆ ನಡೆದಾಗಲೂ ಅವಳು ಟಿ.ವಿ. ಮುಂದೆ ಕುಳಿತು ಕೇಳಿದ್ದು ಒಂದೇ ಮಾತು: "ಯಾವ ವಾರ ಮಡಗವ್ರೆ?" ಶುಕ್ರವಾರ, ಶನಿವಾರ, ಭಾನುವಾರ ಎಂದೆ. "ಮೊದ್ಲೆರಡು ದಿವ್ಸ ಯಾರ್ ತಿಂದಾರು? ಭಾನ್ವಾರಕ್ಕೆ ಕೇಳ್ಲಿ" ಎಂದು ಪ್ರಕರಣವನ್ನು ಮುಗಿಸಿದಳು.

ಈ ಪೀಠಿಕೆಯೆಲ್ಲ ಆ ನಾಲ್ಕು ಇಡ್ಲಿಗಳಿಗಾಗಿ. ಹಿಂದಿನ ದಿನ, ಭಾನುವಾರ, ಭಾವಮೈದನ ಸಂಸಾರ ಊಟಕ್ಕೆ ಬರುವುದಿತ್ತು. ಬೆಳಿಗ್ಗೆ ಆರೂವರೆಗೆ ಮಟನ್ ಅಂಗಡಿಯ ಮುಂದೆ, ಬಡಾವಣೆಯ ಗಂಡಸರೆಲ್ಲ ಮುಖ ತೊಳೆಯದೆ ಬಂದು ನಿಲ್ಲುವ ಸಾಲಿನಲ್ಲಿ ನಾನೂ ನಿಂತು, ಕಿಲೋಗೆ 800 ರೂಪಾಯಿಯಂತೆ ಎರಡು ಕಿಲೋ ತಂದೆ. ಅಂಗಡಿಯವನು ಎಂದಿನಂತೆ "ಪಕ್ಕಾ ಬನ್ನೂರು ಕುರಿ ಸಾರ್" ಎಂದ. ಮೈಸೂರಿನಲ್ಲಿ ಪ್ರತಿ ಭಾನುವಾರ ಮಾರಾಟವಾಗುವ ಬನ್ನೂರು ಕುರಿಗಳೆಲ್ಲ ನಿಜವಾಗಿ ಬನ್ನೂರಿನವೇ ಆಗಿದ್ದರೆ ಅಲ್ಲಿ ಮನುಷ್ಯರು ನಿಲ್ಲಲು ಜಾಗವಿರುತ್ತಿರಲಿಲ್ಲ. ಅದಿರಲಿ, ಹನ್ನೊಂದು ಗಂಟೆಗೆ ಭಾವಮೈದನಿಂದ ಫೋನ್ ಬಂತು: ಮಗುವಿಗೆ ಜ್ವರ, ಬರಲಾಗುವುದಿಲ್ಲ. ಎಂಟು ಜನರ ಸಾರಿಗೆ ನಾಲ್ವರು ಕುಳಿತೆವು. ಮಧ್ಯಾಹ್ನ ಮುದ್ದೆಯ ಜೊತೆ, ಸಂಜೆ ಸುಮ್ಮನೆ ಬಟ್ಟಲಲ್ಲಿ, ರಾತ್ರಿ ಅನ್ನದ ಜೊತೆ ಹೋರಾಡಿದರೂ ತಪ್ಪಲೆಯ ತಳದಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು, ಅದರಲ್ಲೂ ನಾನು ಬೆಳಗಿನಿಂದ ಕಣ್ಣಿಟ್ಟಿದ್ದ ನಲ್ಲಿ ಮೂಳೆ.

ರಾತ್ರಿ ಹತ್ತು ಗಂಟೆಗೆ ನ್ಯಾಯ ಕೂಡಿತು. ಫ್ರಿಜ್ಜಿನಲ್ಲಿಟ್ಟರೆ ಬುಧವಾರದವರೆಗೆ ಮುಟ್ಟುವಂತಿಲ್ಲ. ಅದೂ ಅಲ್ಲದೆ ಸೋಮವಾರ ದೇವರಿಗೆ ಇಡುವ ಹಾಲಿನ ಪಕ್ಕ ಬಾಡಿನ ತಪ್ಪಲೆ ಇರಕೂಡದು. ಚೆಲ್ಲುವುದಂತೂ ಬದುಕಿರುವವರೆಗೆ ಸಾಧ್ಯವಿಲ್ಲ. ಹೆಂಡತಿ, ಗಂಟೆ ಹನ್ನೆರಡಕ್ಕೆ ಸೋಮವಾರ ಶುರುವಾಗುತ್ತದೆ, ಅಷ್ಟರೊಳಗೆ ತಿಂದು ಮುಗಿಸಿ ಎಂದಳು. ಮಗಳು ಮೊಬೈಲಿನಿಂದ ತಲೆಯೆತ್ತದೆ, ಜಪಾನಿನಲ್ಲಿ ಆಗಲೇ ಸೋಮವಾರವಾಗಿದೆ ಎಂದಳು. "ಅವ್ರು ನಂಜುಂಡಪ್ಪನ ಒಕ್ಕಲಲ್ಲ, ಬುಡು" ಎಂದು ಅವ್ವ ಜಪಾನನ್ನು ಬದಿಗಿಟ್ಟು, "ಗಡಿಯಾರ ನೋಡ್ಕಂಡು ಸ್ವಾಮ್ವಾರ ಹುಟ್ಟದೇನ್ಲಾ? ಹೊತ್ತು ಹುಟ್ಟುದ್ ಮೇಲೆ ಕಣ್ಲಾ ಸ್ವಾಮ್ವಾರ" ಎಂದು ತೀರ್ಪಿತ್ತಳು. ಪಂಚಾಂಗವೂ ಅವ್ವನ ಪರವೇ ಇತ್ತು, ಅದರ ಲೆಕ್ಕದಲ್ಲಿ ವಾರ ಆರಂಭವಾಗುವುದು ಸೂರ್ಯೋದಯಕ್ಕೆ. ಗೋಡೆಯ ಕ್ಯಾಲೆಂಡರ್ ನೋಡಿದರೆ 6 ಗಂಟೆ 12 ನಿಮಿಷ.

ಹೀಗಾಗಿ ಸೋಮವಾರ, ಅಂದರೆ ಅವ್ವನ ಪ್ರಕಾರ ಇನ್ನೂ ಭಾನುವಾರ, ಬೆಳಿಗ್ಗೆ 5 ಗಂಟೆ 40 ನಿಮಿಷಕ್ಕೆ ನಾನು ಬಿಸಿ ಇಡ್ಲಿ, ಬಿಸಿ ಸಾರು ಇಟ್ಟುಕೊಂಡು ಕುಳಿತೆ. ಇಡ್ಲಿ ಬೇಯಿಸಿಕೊಟ್ಟ ಹೆಂಡತಿ ಸಾರಿನ ತಪ್ಪಲೆಯನ್ನು ಮಾತ್ರ ಮುಟ್ಟಲಿಲ್ಲ. ಅವಳ ಸೋಮವಾರ ಆಗಲೇ ಐದೂ ಮುಕ್ಕಾಲು ಗಂಟೆ ಹಳೆಯದಾಗಿತ್ತು. ಅವ್ವ ಸೆರಗು ಹೊದ್ದು ಜಗುಲಿಯ ಮೇಲೆ ಪೂರ್ವಕ್ಕೆ ಮುಖಮಾಡಿ ಕುಳಿತಳು. ಎದುರು ಮನೆಯ ನೀರಿನ ಟ್ಯಾಂಕಿಗೂ ತೆಂಗಿನ ಮರಕ್ಕೂ ನಡುವೆ ಕಾಣುವ ಒಂದು ಮೊಳ ಆಕಾಶವನ್ನು ಕಾಯುತ್ತ ಅಲ್ಲಿಂದಲೇ ವರದಿ ಒಪ್ಪಿಸತೊಡಗಿದಳು. "ಇನ್ನೂ ಕತ್ಲೆ ಅದೆ, ನಿಧಾನ್ವಾಗಿ ತಿನ್ನು." ಎರಡನೆಯ ಇಡ್ಲಿಗೆ, "ಬೆಳ್ಳಗಾಯ್ತಾ ಅದೆ ಕಣಪ್ಪ." ಮೂರನೆಯದಕ್ಕೆ, "ಕಾಗೆ ಕೂಗ್ತು, ಬಿರ್‍ನೆ." ಬಿಸಿ ಸಾರಿನಲ್ಲಿ ಬಿರನೆ ತಿನ್ನುವುದು ಹೇಗೆ? ನಾಲಗೆ ಸುಟ್ಟುಕೊಂಡು ನಾಲ್ಕನೆಯ ಇಡ್ಲಿ ನುಂಗಿದೆ. ಕೊನೆಗೆಂದು ಎತ್ತಿಟ್ಟಿದ್ದ ನಲ್ಲಿ ಮೂಳೆಯನ್ನು ತಟ್ಟೆಗೆ ಎರಡು ಸಲ ಕುಟ್ಟಿ, ತುಟಿಗಿಟ್ಟು ಎಳೆಯಬೇಕು ಎನ್ನುವಷ್ಟರಲ್ಲಿ ಹೊರಗಿನಿಂದ, "ಕೆಂಪಾಯ್ತು! ಬುಡ್ಲಾ ಕೆಳಕ್ಕೆ!" ಎಂಬ ಕೂಗು ಕೇಳಿತು. ಐವತ್ತು ದಾಟಿದ ಮನುಷ್ಯ ನಾನು, ಸರ್ಕಾರಿ ಕಚೇರಿಯಲ್ಲಿ ಹನ್ನೆರಡು ಜನರ ಮೇಲೆ ಅಧಿಕಾರವಿರುವವನು, ಬೆಚ್ಚಿ ಮೂಳೆಯನ್ನು ತಟ್ಟೆಗೆ ಬಿಟ್ಟೆ. ಅದರೊಳಗಿನ ಮಜ್ಜೆ ಹಾಗೆಯೇ ಬೀದಿನಾಯಿಯ ಪಾಲಾಯಿತು. ಅದಕ್ಕೆ ಯಾವ ವಾರದ ಕಟ್ಟುಪಾಡೂ ಇದ್ದಂತೆ ಕಾಣಲಿಲ್ಲ.

ಆಮೇಲೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಶುದ್ಧ ಸೋಮವಾರದವನಾಗಿ ರಕ್ತಪರೀಕ್ಷೆಗೆ ಹೊರಟೆ. ಹತ್ತು ಗಂಟೆ ಕಾಲ ನೀರಲ್ಲದೆ ಏನನ್ನೂ ತೆಗೆದುಕೊಳ್ಳಬಾರದೆಂಬ ಸಂದೇಶ ಮೊಬೈಲಿನಲ್ಲಿದ್ದರೂ ಅದು ನೆನಪಿಗೇ ಬರಲಿಲ್ಲ. ತಿಂದದ್ದು ಭಾನುವಾರದ ಲೆಕ್ಕಕ್ಕೆ ಜಮೆಯಾಗಿತ್ತಲ್ಲ! ಇದನ್ನು ಆ ಹುಡುಗಿಗೆ ವಿವರಿಸಿ ನೋಡಿದೆ. ಅವಳು, "ಸಕ್ಕರೆಗೆ ವಾರ ಗೊತ್ತಾಗಲ್ಲ ಸರ್" ಎಂದಳು.

ನಮೂನೆಯ ಮುಂದಿನ ಪುಟ ಬೆಳಗಿನ ಉಪಾಹಾರದ್ದು. ಬ್ರೆಡ್, ಓಟ್ಸ್, ಹಣ್ಣು, ಮೊಟ್ಟೆ, ಇತರೆ. ಉಪ್ಪಿಟ್ಟು, ಚಿತ್ರಾನ್ನ, ಅಕ್ಕಿರೊಟ್ಟಿ, ಒತ್ತುಶ್ಯಾವಿಗೆ, ಅವರೆಕಾಯಿ ಕಾಲದ ಹಿತಕಬೇಳೆ, ಭಾನುವಾರ ನಜರ್‌ಬಾದಿನವರೆಗೆ ಹೋಗಿ ತಿನ್ನುವ ಬೆಣ್ಣೆ ಕರಗಿದ ಮೈಲಾರಿ ದೋಸೆ, ಎಲ್ಲವೂ "ಇತರೆ". ಐವತ್ತು ವರ್ಷ ನಾನು ಬೆಳಗಿನ ಹೊತ್ತು "ಇತರೆ"ಯನ್ನೇ ತಿಂದು ಬದುಕಿದ್ದೇನೆಂದು ಅಂದು ಗೊತ್ತಾಯಿತು.

ನನ್ನ ಅಪ್ಪನನ್ನು ಆ ಹುಡುಗಿಯ ಮುಂದೆ ಕೂರಿಸಿದ್ದರೆ ಏನಾಗುತ್ತಿತ್ತೋ. ಮಳವಳ್ಳಿ ಕಡೆಯ ನಮ್ಮ ಊರಿನಲ್ಲಿ ತಿಂಡಿ ಎಂಬ ಹೊತ್ತೇ ಇರಲಿಲ್ಲ. ಅಪ್ಪ ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಒಂದು ಈರುಳ್ಳಿ ಕಚ್ಚಿಕೊಂಡು ಗದ್ದೆಗೆ ಹೋಗುತ್ತಿದ್ದ. ಬಾಡು ಎಂದರೆ ಹೊಸತೊಡಕಿಗೆ ನಾಲ್ಕಾರು ಮನೆಯವರು ಸೇರಿ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಂಡದ್ದು, ಮಾರಿಹಬ್ಬದ್ದು, ಪಿತೃಪಕ್ಷದ್ದು, ಮತ್ತೆ ನೆಂಟರು ಬಂದಾಗ ಹಿತ್ತಲಲ್ಲಿ ಓಡಾಡುತ್ತಿದ್ದ ಹುಂಜದ್ದು. ವರ್ಷಕ್ಕೆ ನಾಲ್ಕೈದು ಸಲ. ಆ ದಿನ ನಲ್ಲಿ ಮೂಳೆ ಯಾವತ್ತೂ ನನ್ನ ತಟ್ಟೆಗೇ ಬೀಳುತ್ತಿತ್ತು; ಅಪ್ಪನಿಗೆ ಅದು ಇಷ್ಟವಿಲ್ಲವೆಂದೇ ನಾನು ತಿಳಿದಿದ್ದೆ. ಈಗ ಪ್ರತಿ ಪಿತೃಪಕ್ಷದಲ್ಲಿ ಅಪ್ಪನ ಎಡೆಗೆ ಅವ್ವ ಮೊದಲು ಹುಡುಕಿ ಇಡುವುದು ಅದನ್ನೇ.

ಮೂರು ದಿನ ಬಿಟ್ಟು ಮತ್ತೆ ಹೋಗಿ, ನಿಜವಾದ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದೆ. ವರದಿ ನಿನ್ನೆ ಕೈಸೇರಿತು. ಸಕ್ಕರೆ ಅಷ್ಟಕ್ಕಷ್ಟೇ, ಕೊಬ್ಬು ಗಡಿಯ ಮೇಲಿದೆ. ಮೊದಲ ಪುಟದಲ್ಲಿ ಆ ಹುಡುಗಿ ಸೋಮವಾರದಂದು ತುಂಬಿದ ವಿವರ ಹಾಗೆಯೇ ಅಚ್ಚಾಗಿದೆ: "ಮಾಂಸ ಸೇವನೆ: ಅಪರೂಪ. ಬೆಳಗಿನ ಉಪಾಹಾರ: ಕುರಿಮಾಂಸ."

ಅವ್ವನಿಗೆ ಓದಿ ಹೇಳಿದೆ. ಕೊಬ್ಬಿನ ವಿಚಾರ ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಸ್ವಾಮ್ವಾರ ಅಂತ ಬರ್ದವ್ರಾ?"

"ತಾರೀಕು ಹಾಕಿದ್ದಾರೆ ಅವ್ವ."

"ಟೈಮು?"

"ಟೈಮ್ ಹಾಕಿಲ್ಲ."

"ಐದೂ ಮುಕ್ಕಾಲಿಗೇ ತಿಂದಿದ್ದು ಅಂತ ಹಾಕುಸ್ಕೊಂಡ್ ಬಾ ಹೋಗು" ಎಂದು ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟಳು.