ಟೋಪಿ ಊರಿನ ಬಾಡಿಗೆದಾರರು

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಡ್ಯಾನ್‌ಬರಿ ಅಂತೊಂದು ಸಣ್ಣ ಊರಿದೆ. ಒಂದು ಕಾಲಕ್ಕೆ ದೇಶಕ್ಕೆಲ್ಲ ಟೋಪಿ ಮಾಡಿ ಕೊಟ್ಟ ಊರು. ಆ ಕಾರ್ಖಾನೆಗಳು ಎಂದೋ ಮುಚ್ಚಿದವು. ಟೋಪಿ ಹಾಕುವ ಕೆಲಸವನ್ನು ಈಗ ಊರಿನ ಐಸ್ ಅರೀನಾಕ್ಕೆ, ಅಂದರೆ ಮಂಜುಗಡ್ಡೆ ಹಾಸಿನ ಆಟದ ಮನೆಗೆ, ಬಂದು ಹೋಗುವ ಐಸ್ ಹಾಕಿ ತಂಡಗಳು ವಹಿಸಿಕೊಂಡಿವೆ.

2004ರಲ್ಲಿ ಬಂದದ್ದು ಟ್ರ್ಯಾಶರ್ಸ್. ಮಾಲೀಕರು ಜಿಮ್ಮಿ ಗಲಾಂಟೆ, ಕಸದ ಲಾರಿಗಳ ಧಣಿ. ಹಾಗಾಗಿ ತಂಡಕ್ಕೂ ಕಸದ ಹೆಸರೇ. ಇಷ್ಟು ಪ್ರಾಮಾಣಿಕವಾಗಿ ಅಂಗಿಯ ಮೇಲೆ ತನ್ನ ಮೂಲ ಬರೆದುಕೊಂಡ ತಂಡ ಇನ್ನೊಂದಿರಲಿಕ್ಕಿಲ್ಲ. ಮಗ ಎ.ಜೆ.ಗೆ ಆಗ 17 ವರ್ಷ. ನಮ್ಮ ಕಡೆ ಆ ವಯಸ್ಸಿನ ಹುಡುಗ ಬೈಕ್ ಕೇಳಿದರೆ, ಮೊದಲು ಪಿಯುಸಿ ಪಾಸಾಗು ಅಂತಾರೆ. ಗಲಾಂಟೆ ಸಾಹೇಬರು ಮಗನನ್ನು ತಂಡದ ಅಧ್ಯಕ್ಷ ಮತ್ತು ಜನರಲ್ ಮ್ಯಾನೇಜರ್ ಮಾಡಿ ಕೂರಿಸಿದರು. ಹುಡುಗ ಏನು ಮಾಡಿಯಾನು? ಊರೂರು ಹುಡುಕಿ ಹೊಡೆದಾಟದವರನ್ನೇ ತಂದ. ಅರೀನಾದ 102ನೇ ಸೆಕ್ಷನ್‌ನಲ್ಲಿ ಕೂತ ಅಭಿಮಾನಿಗಳಿಗೆ ಅದೇ ಬೇಕಿತ್ತು. ಗೋಲಿಗಿಂತ ಗುದ್ದಿಗೇ ಚಪ್ಪಾಳೆ ಜಾಸ್ತಿ.

ಲೀಗ್‌ನಲ್ಲಿ ಸಂಬಳಕ್ಕೊಂದು ಮಿತಿ ಇತ್ತು. ಇದ್ದರೇನು? ಕಸದ ಕಂಪನಿಯ ಲೆಕ್ಕದಲ್ಲಿ ಆಟಗಾರರಿಗೂ ಮನೆಯವರಿಗೂ 'ಕೆಲಸ' ಹುಟ್ಟಿಕೊಂಡಿತು ಅಂತ ಆರೋಪ ಬಂತು. 2006ರಲ್ಲಿ ಫೆಡರಲ್ ಪೊಲೀಸರು ಗಲಾಂಟೆಯವರನ್ನು ಹಿಡಿದರು. ಮಾಫಿಯಾಕ್ಕೆ ಹಫ್ತಾ, ಕಸದ ವ್ಯಾಪಾರದಲ್ಲಿ ಗಿರಾಕಿಗಳ ಹಂಚಿಕೆ, ಇವುಗಳ ಜೊತೆಗೆ ಹಾಕಿ ಸಂಬಳದ ಕಳ್ಳಲೆಕ್ಕವೂ ಕೇಸಿಗೆ ಸೇರಿತ್ತು. ತಂಡ ಅಲ್ಲಿಗೇ ಮುಗಿಯಿತು. ತಪ್ಪೊಪ್ಪಿಕೊಂಡ ಮಾಲೀಕರಿಗೆ 2008ರಲ್ಲಿ 87 ತಿಂಗಳ ಜೈಲು. (ಡ್ಯಾನ್‌ಬರಿಯಲ್ಲೇ ಒಂದು ಫೆಡರಲ್ ಜೈಲೂ ಇದೆ. ಅದಕ್ಕೆ ಯಾವತ್ತೂ ಬಾಡಿಗೆದಾರರ ಚಿಂತೆ ಇಲ್ಲ.)

ಇಷ್ಟಾದ ಮೇಲೆ ಊರು ಸುಮ್ನಿರಬಹುದಿತ್ತು, ಅಲ್ವಾ? ಅರೀನಾ ಅಂದರೆ ಕಲ್ಯಾಣ ಮಂಟಪ ಇದ್ದ ಹಾಗೆ. ಬಾಗಿಲ ಮೇಲಿನ ಥರ್ಮೋಕೋಲ್ ಹೆಸರು ಕಿತ್ತು ಇನ್ನೊಂದು ಅಂಟಿಸಿದರಾಯಿತು. 2008ರಲ್ಲಿ ಮ್ಯಾಡ್ ಹ್ಯಾಟರ್ಸ್, ಅಂದರೆ ಹುಚ್ಚು ಟೋಪಿಗಾರರು, ಬಂದರು. ಅವರ ಲೀಗ್‌ನಲ್ಲಿ ಇದ್ದದ್ದೇ ನಾಲ್ಕು ತಂಡ. ಎಷ್ಟು ಕೆಟ್ಟದಾಗಿ ಆಡಿದರೂ ನಾಲ್ಕನೇ ಸ್ಥಾನ ಗ್ಯಾರಂಟಿ! ಒಂದೇ ಸೀಸನ್‌ಗೆ ತಂಡದ ಜೊತೆ ಲೀಗೇ ಮಲಗಿತು.

2010ಕ್ಕೆ ವೇಲರ್ಸ್. ಅಂದರೆ ತಿಮಿಂಗಿಲ ಬೇಟೆಗಾರರು. ಡ್ಯಾನ್‌ಬರಿಗೆ ಸಮುದ್ರವಿಲ್ಲ. ಹೆಸರಾದರೂ ಸ್ವಂತದ್ದೇ? ಅದೂ ಅಲ್ಲ. ಪಕ್ಕದ ಹಾರ್ಟ್‌ಫರ್ಡ್ ಬಿಟ್ಟು 1997ರಲ್ಲಿ ಕ್ಯಾರೊಲಿನಾಗೆ ಹೋದ ದೊಡ್ಡ ತಂಡದ್ದು. ಸತ್ತ ತಂಡದ ಹೆಸರಿಟ್ಟುಕೊಂಡು ಬಾಳುವುದು ಧೈರ್ಯವೇ ಸರಿ. 2013ರಲ್ಲಿ ಇವರು ಲೀಗ್ ಕಪ್ಪನ್ನೂ ಗೆದ್ದರು. 2015ಕ್ಕೆ ಜಾಗ ಖಾಲಿ. ಹಿಂದೆಯೇ ಟೈಟನ್ಸ್ ಬಂದರು, ಎರಡು ಸೀಸನ್ ಆಡಿ ಹೊರಟರು.

ಇದರಲ್ಲಿ ಅಭಿಮಾನಿಯ ಪಾಡು ಕೇಳಿ. ತಂಡ ಹೋದಾಗೆಲ್ಲ ಅಂಗಿ ಹೊಸದು, ಘೋಷಣೆ ಹೊಸದು, ಟಿಕೆಟ್ಟೂ ಹೊಸದು. ಹಳೆಯದಾಗಿ ಉಳಿದದ್ದು ಅವನು ಕೂರುವ ಕುರ್ಚಿ ಒಂದೇ.

2019ರಲ್ಲಿ ಮತ್ತೆ ಟೋಪಿಗೇ ಬಂದರು: ಹ್ಯಾಟ್ ಟ್ರಿಕ್ಸ್. ಪಾಪ, ಚೆನ್ನಾಗಿಯೇ ಆಡಿದರು. 2023ರಲ್ಲಿ ಕಪ್ ತಂದರು. ಆದರೆ ನೆಟ್‌ಫ್ಲಿಕ್ಸ್‌ನವರು ಎರಡು ವರ್ಷ ಮೊದಲೇ ಡ್ಯಾನ್‌ಬರಿಯ ಮೇಲೆ ಸಾಕ್ಷ್ಯಚಿತ್ರ ತೋರಿಸಿ ಮುಗಿಸಿದ್ದರು. ಯಾವ ತಂಡದ ಕಥೆ ಅಂತೀರಾ? ಕಪ್ ಗೆಲ್ಲದೆ ಎರಡೇ ಸೀಸನ್‌ಗೆ ಬಾಗಿಲು ಹಾಕಿದ ಟ್ರ್ಯಾಶರ್ಸ್‌ದು!